ಮೆಂಡಲ್ ಮಾಡಿದ್ದನ್ನೇ ನಿಮ್ಮ ಅವ್ವ ದಿನಾ ಮಾಡುತ್ತಾಳೆ

ದೋಸ್ತಾ,

ಪ್ಲಾಸ್ಟರ್ ಬಿಚ್ಚುವುದು ಇನ್ನೂ ತಡ ಅಂತ ನಿಮ್ಮ ಅಣ್ಣ ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದ. ನೋಟ್ಸ್ ಫೋಟೋ ಹೊಡೆದು ಕಳಿಸು ಅಂದಿದ್ದೆಯಂತೆ. ನನ್ನ ಅಕ್ಷರ ನಿನಗೆ ಗೊತ್ತಲ್ಲ, ಫೋಟೋ ನೋಡಿ ನೀನು ಮತ್ತೆ ನನಗೇ ಫೋನ್ ಮಾಡಬೇಕಾಗುತ್ತದೆ. ಅದಕ್ಕೆ ಬಯಾಲಜಿ ಅಷ್ಟನ್ನೂ ಪತ್ರದ ಹಾಗೆ ಟೈಪ್ ಮಾಡುತ್ತಿದ್ದೇನೆ. ಕ್ಲಾಸಿನಲ್ಲಿ ಬೇರೆಯವರೂ ಕೇಳಿದರು, ಹಾಗಾಗಿ ಎಲ್ಲರಿಗೂ ಕಾಣುವ ಹಾಗೇ ಹಾಕುತ್ತೇನೆ. ಬೈಯಬೇಡ.

ಜೀವಕ್ರಿಯೆಗಳು ಮುಗಿಯಿತು. ಅದರಲ್ಲಿ ಎರಡು ನೆನಪಿಟ್ಟುಕೋ. ಹೃದಯದ ಚಿತ್ರದಲ್ಲಿ ಅದರ ಎಡಗಡೆ ನಮ್ಮ ಬಲಗಡೆಗೆ ಬರುತ್ತದೆ, ಅರ್ಧ ಕ್ಲಾಸು ಇದರಲ್ಲೇ ಮಾರ್ಕ್ಸ್ ಕಳೆದುಕೊಂಡಿತು. ಇನ್ನೊಂದು ಮೂತ್ರಪಿಂಡ: ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಹೊರಗೆ ಹೋಗುವುದು ಮಾತ್ರ ಒಂದೆರಡು ಲೀಟರ್, ಉಳಿದದ್ದನ್ನೆಲ್ಲ ಅದರೊಳಗಿನ ನೆಫ್ರಾನ್ ಅನ್ನುವ ಸಣ್ಣ ಸಣ್ಣ ಸೋಸುವ ಘಟಕಗಳ ನಳಿಕೆ ವಾಪಸ್ ಹೀರಿಕೊಳ್ಳುತ್ತದೆ. ಮುಂದಿನದು ನರಮಂಡಲ. ಬಿಸಿ ಹಂಚಿಗೆ ಬೆರಳು ತಾಗಿದರೆ ಮೆದುಳಿಗೆ ಸುದ್ದಿ ಮುಟ್ಟಿ ಅಲ್ಲಿಂದ ಆರ್ಡರ್ ಬರುವ ತನಕ ಕಾಯುವುದಿಲ್ಲ, ಬೆನ್ನುಹುರಿಯೇ ಕೈ ಎಳೆಸಿಬಿಡುತ್ತದೆ. ಸುದ್ದಿ ಹೀಗೆ ಬೆನ್ನುಹುರಿಗೆ ಹೋಗಿ ಬರುವ ದಾರಿಯ ಚಿತ್ರ ಬರೆದು ಕಲಿತರೆ ಸಾಕು.

ಈಗ ಅನುವಂಶೀಯತೆ, ಅಂದರೆ ತಂದೆ-ತಾಯಿಯ ಗುಣ ಮುಂದಿನ ಪೀಳಿಗೆಗೆ ಹೋಗುವುದು. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ. ಯಾಕೆಂದರೆ ಮೇಡಂ ಬೋರ್ಡಿನ ಮೇಲೆ ಹೂವು ಬರೆದು ಮೆಂಡಲ್ ಏನು ಮಾಡಿದ ಅಂತ ಹೇಳುವಾಗ ನನಗೆ ಕಂಡದ್ದು ನಿಮ್ಮ ಹೊಲದ ಸೀಡ್ಸ್ ಪ್ಲಾಟು, ಕಂಪನಿಗೆ ಹೈಬ್ರಿಡ್ ಬೀಜ ಮಾಡಿಕೊಡುವ ಜಾಗ.

ಮೆಂಡಲ್ ಒಬ್ಬ ಪಾದ್ರಿ. ಈಗಿನ ಚೆಕ್ ದೇಶದ ಬ್ರನೋ ಊರಿನ ಮಠದ ತೋಟದಲ್ಲಿ 1856ರಿಂದ 1863ರ ತನಕ ಬಟಾಣಿ ಬೆಳೆದ. ಬಟಾಣಿ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವ ಗಿಡ, ಹೀಗಾಗಿ ಎತ್ತರದ ತಳಿ ಎತ್ತರವೇ, ಗಿಡ್ಡ ತಳಿ ಗಿಡ್ಡವೇ. ಎರಡನ್ನೂ ಸೇರಿಸಬೇಕೆಂದರೆ ಮೊಗ್ಗು ಅರಳುವ ಮುಂಚೆಯೇ ಬಿಡಿಸಿ, ಕೇಸರ ಕಿತ್ತು, ಇನ್ನೊಂದು ಗಿಡದ ಪರಾಗ ಮುಟ್ಟಿಸಬೇಕು. ಇದು ಕ್ರಾಸಿಂಗ್ ಅಲ್ಲದೆ ಮತ್ತೇನು? ನಿಮ್ಮ ಅವ್ವ, ಚಿಗವ್ವ ಟೊಮೆಟೊದಲ್ಲಿ ಮಾಡುವುದೂ ಇದನ್ನೇ. ನಾಳೆ ಅರಳುವ ಮೊಗ್ಗನ್ನು ಇವತ್ತೇ ಹಿಡಿದು, ಚಿಮಟದಿಂದ ಹಳದಿ ಕೇಸರದ ಕೊಳವೆ ಎಳೆದರೆ ಒಳಗೆ ಸಣ್ಣ ಹಸಿರು ಕಡ್ಡಿಯೊಂದೇ ನಿಂತಿರುತ್ತದೆ. ಆ ಕಡ್ಡಿಯ ತುದಿಗೇ ಪುಸ್ತಕದಲ್ಲಿ ಶಲಾಕಾಗ್ರ ಅನ್ನುವುದು. ಮರುದಿನ ಅದಕ್ಕೆ ತಂದೆ ಗಿಡದ ಪರಾಗದ ಪುಡಿ ಮುಟ್ಟಿಸಿ, ಹೂವಿನ ಬುಡದ ಹಸಿರು ಎಸಳಿನ ತುದಿ ಕತ್ತರಿಸುತ್ತಾರೆ. ಕಾಯಿ ಕೀಳುವಾಗ ಎಸಳು ಕತ್ತರಿಸಿದ ಗುರುತಿದ್ದರೆ ಕ್ರಾಸ್ ಆದ ಕಾಯಿ, ಇಲ್ಲದಿದ್ದರೆ ತಾನಾಗಿ ಕಟ್ಟಿದ್ದು. ನೀನು ಇದನ್ನೆಲ್ಲ ನೋಡಿಯೇ ಬೆಳೆದವನು, ನಿನಗೆ ಅರ್ಧ ಪಾಠ ಆಗಲೇ ಆಗಿದೆ.

ಉಳಿದರ್ಧ ಲೆಕ್ಕ. ಎತ್ತರ, ಗಿಡ್ಡ ಸೇರಿಸಿದಾಗ ಮೊದಲ ಪೀಳಿಗೆಯ ಗಿಡಗಳೆಲ್ಲ ಎತ್ತರವೇ ಬಂದವು. ಮಧ್ಯಮ ಅನ್ನುವುದೇ ಇಲ್ಲ. ಅವುಗಳ ಬೀಜ ಮತ್ತೆ ಬಿತ್ತಿದರೆ 787 ಎತ್ತರ, 277 ಗಿಡ್ಡ. ಭಾಗಿಸಿ ನೋಡಿದೆ, 2.84 ಬರುತ್ತದೆ, ಸುಮಾರು 3:1. ಅಂದರೆ ಗಿಡ್ಡ ಗುಣ ಹೋಗಿರಲೇ ಇಲ್ಲ, ಸುಮ್ನೆ ಅಡಗಿ ಕೂತಿತ್ತು. ಮೇಡಂ ಎಲ್ಲರಿಗೂ ರೂಪಾಯಿಯ ನಾಣ್ಯ ಎರಡೆರಡು ತರಲು ಹೇಳಿ ಛಾಪಾ-ಕಾಟಾ ಹಾರಿಸಿದರು. ಒಂದು ನಾಣ್ಯ ತಂದೆಯಿಂದ ಬರುವ ಪಾಲು, ಇನ್ನೊಂದು ತಾಯಿಯಿಂದ. ಛಾಪಾ ದೊಡ್ಡ ಟಿ, ಅಂದರೆ ಎತ್ತರದ ಗುಣ; ಕಾಟಾ ಸಣ್ಣ ಟಿ, ಅಂದರೆ ಗಿಡ್ಡ ಗುಣ. ಒಂದಾದರೂ ಛಾಪಾ ಬಿದ್ದರೆ ಗಿಡ ಎತ್ತರ, ಎರಡೂ ಕಾಟಾ ಬಿದ್ದರೆ ಗಿಡ್ಡ. ಒಬ್ಬೊಬ್ಬರದು ಹೇಗೆ ಹೇಗೋ ಬಂತು, ಇಡೀ ಕ್ಲಾಸಿನದು ಕೂಡಿಸಿದಾಗ 3:1ರ ಹತ್ತಿರ ಬಂತು. ಮೆಂಡಲ್ ಅಷ್ಟೊಂದು ಗಿಡ ಯಾಕೆ ಬೆಳೆದ ಅಂತ ಆಗ ತಿಳಿಯಿತು. ಪಾಪ, ಅವನ ಲೇಖನ 1866ರಲ್ಲಿ ಅಚ್ಚಾಯಿತು, ಯಾರೂ ಕಿವಿಗೊಡಲಿಲ್ಲ. 1884ರಲ್ಲಿ ತೀರಿಕೊಂಡ, ಜಗತ್ತಿಗೆ ಬೆಲೆ ಗೊತ್ತಾಗಿದ್ದು 1900ರಲ್ಲಿ.

ಈಗ ನಿಮ್ಮ ಕಾಕಾನ ಮಾತಿಗೆ ಬರೋಣ. ಕಂಪನಿಯವರು ಬೀಜದಲ್ಲಿ ಏನೋ ಹಾಕಿರುತ್ತಾರೆ, ಅದಕ್ಕೇ ಮನೆ ಬೀಜ ಬಿತ್ತಿದರೆ ಬೆಳೆ ಬರುವುದಿಲ್ಲ ಅನ್ನುತ್ತಿದ್ದರಲ್ಲ. ಹೈಬ್ರಿಡ್‌ನಲ್ಲಿ, ಅಂದರೆ ಹೀಗೆ ಎರಡು ತಳಿ ಸೇರಿಸಿ ಮಾಡಿದ ಬೀಜದಲ್ಲಿ, ಹಾಗೇನೂ ಹಾಕಬೇಕಾಗಿಲ್ಲ. ಬೀಜ ಮೊಳೆಯುತ್ತದೆ, ಗಿಡವೂ ಬರುತ್ತದೆ, ಆದರೆ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಅಡಗಿದ್ದದ್ದೆಲ್ಲ ಎರಡನೇ ಪೀಳಿಗೆಯಲ್ಲಿ ಹೊರಗೆ ಬೀಳುತ್ತದೆ. ಎರಡು ಗುಣಕ್ಕೇ ನಾಲ್ಕು ಬಗೆಯ ಗಿಡ 9:3:3:1ರ ಲೆಕ್ಕದಲ್ಲಿ ಬರುತ್ತವೆ, ಇನ್ನು ಕಾಯಿಯ ಗಾತ್ರ, ಸಿಪ್ಪೆ, ರೋಗ ತಡೆಯುವ ಶಕ್ತಿ ಎಲ್ಲ ಸೇರಿದರೆ ಕೇಳಬೇಡ. ಮಾರ್ಕೆಟ್ಟಿಗೆ ಒಂದೇ ಸೈಜಿನ ಮಾಲು ಬೇಕು, ಹೀಗಾಗಿ ವರ್ಷಾ ಹೊಸ ಬೀಜ ಕೊಳ್ಳಲೇಬೇಕು. ಕಂಪನಿಯ ದುಡ್ಡು ಇರುವುದು ಈ 3:1ರಲ್ಲಿ ಅಂತ ನನ್ನ ಅಭಿಪ್ರಾಯ. ಬ್ಯಾಡಗಿ ಮೆಣಸಿನಕಾಯಿಗೆ ಈ ಕಾಟ ಕಡಿಮೆ, ಅದು ಹೈಬ್ರಿಡ್ ಅಲ್ಲ, ತಲೆಮಾರಿನಿಂದ ಆರಿಸಿಕೊಂಡು ಬಂದ ಊರ ತಳಿ. ಆದರೆ ಪಕ್ಕದ ಹೊಲದಲ್ಲಿ ಬೇರೆ ತಳಿ ಇದ್ದರೆ ಜೇನು ಬಂದು ಕೆಡಿಸುತ್ತದೆ.

ಇನ್ನೊಂದು ಸ್ವಾರಸ್ಯ. ಕ್ರಾಸ್ ಆದ ಹಣ್ಣಿನ ತಿರುಳು ಪೂರ್ತಿ ತಾಯಿ ಗಿಡದ್ದೇ, ತಂದೆಯ ಪಾಲು ಇರುವುದು ಬೀಜದೊಳಗೆ ಮಾತ್ರ. ಅದಕ್ಕೇ ನಿಮ್ಮಲ್ಲಿ ಹಣ್ಣನ್ನು ಕಿವುಚಿ ಬೀಜ ಅಷ್ಟೇ ತೊಳೆದು ಇಟ್ಟುಕೊಳ್ಳುವುದು.

ಧಾರವಾಡದ ಸುದ್ದಿ ಪುಸ್ತಕದಲ್ಲಿ ಇಲ್ಲ, ಮೇಡಂ ಹೇಳಿದ್ದು. 1972ರಲ್ಲಿ ಅಲ್ಲಿಯ ವಿಜ್ಞಾನಿಗಳು ಎರಡು ಬೇರೆ ಬೇರೆ ಜಾತಿಯ ಹತ್ತಿ ಸೇರಿಸಿ ವರಲಕ್ಷ್ಮಿ ಅನ್ನುವ ಹೈಬ್ರಿಡ್ ತಂದರು. ತಾಯಿ ಲಕ್ಷ್ಮಿ ಹತ್ತಿ, ತಂದೆ ಉದ್ದ ಎಳೆಯ ಇನ್ನೊಂದು ಜಾತಿ. ನಮ್ಮ ಅಜ್ಜನನ್ನು ಕೇಳಿದರೆ ವರಲಕ್ಷ್ಮಿ ಹೆಸರು ಚೆನ್ನಾಗಿ ನೆನಪಿದೆ, ಮೆಂಡಲ್ ಯಾರು ಅಂತ ಮಾತ್ರ ಗೊತ್ತಿಲ್ಲ!

ಕೊನೆಗೆ ಎಕ್ಸ್, ವೈ, ಮಗು ಹೆಣ್ಣೋ ಗಂಡೋ ಅಂತ ತೀರ್ಮಾನಿಸುವ ವರ್ಣತಂತುಗಳು. ತಾಯಿ ಕೊಡುವುದು ಯಾವಾಗಲೂ ಎಕ್ಸ್, ತಂದೆಯಿಂದ ಎಕ್ಸ್ ಬಂದರೆ ಹುಡುಗಿ, ವೈ ಬಂದರೆ ಹುಡುಗ. ಸೊಸೆ ಬರೀ ಹೆಣ್ಣು ಹೆತ್ತಳು ಅನ್ನುವ ನಿಮ್ಮ ಓಣಿಯ ಆಯಿಗಳಿಗೆ ಇದೊಂದು ಪ್ಯಾರಾ ಜೋರಾಗಿ ಓದಿ ಹೇಳು, ಹೇಗಿದ್ದರೂ ಮಂಚದ ಮೇಲೇ ಕೂತಿದ್ದೀಯ, ಹೊಡೆಯಲು ಯಾರೂ ಬರುವುದಿಲ್ಲ.

ಯೂನಿಟ್ ಟೆಸ್ಟ್ ಮುಂದಕ್ಕೆ ಹೋಗಿದೆ, ಗಾಬರಿ ಬೇಡ. ಒಂದು ಕೆಲಸ ಮಾಡು, ಅವ್ವ ಕ್ರಾಸಿಂಗ್ ಮಾಡುವುದನ್ನು ನಿಮ್ಮ ಅಣ್ಣನ ಕೈಲಿ ವಿಡಿಯೋ ಮಾಡಿಸಿ ಕಳಿಸು, ಮೇಡಂ ಕ್ಲಾಸಿನಲ್ಲಿ ತೋರಿಸುತ್ತಾರಂತೆ. ಅವ್ವ ಬೇಡ ಅಂದರೆ ಮುಖ ಬರುವುದು ಬೇಡ, ಕೈ ಮತ್ತು ಹೂವು ಕಂಡರೆ ಸಾಕು.

ನಿನ್ನ ಬೆಂಚ್ ಪಾರ್ಟ್ನರ್