ಭಾನುವಾರದ ಮಾತುಕತೆ: ಬೆಟ್ಟದ ತುದಿಯ ಶಿಲುಬೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ವಿಡಿಯೊ ಕರೆಯಲ್ಲಿ ಸೇರೋಣ. ಈ ಸಲ ಜರ್ಮನಿಯ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಷ್ (1774–1840). ಬಾಲ್ಟಿಕ್ ಕರಾವಳಿಯ ಗ್ರೈಫ್ಸ್‌ವಾಲ್ಡ್‌ನ ಲೂಥರನ್ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಥ) ಮನೆಯಲ್ಲಿ ಹುಟ್ಟಿದವರು. ಊರ ಹತ್ತಿರದ ಎಲ್ಡೆನಾ ಮಠದ ಪಾಳುಗೋಡೆಗಳನ್ನು ಮತ್ತೆ ಮತ್ತೆ ಬರೆದರು. 1808ರಲ್ಲಿ ಬೆಟ್ಟ, ಮರ, ಶಿಲುಬೆಯ ನಿಸರ್ಗಚಿತ್ರವನ್ನೇ ಪೂಜಾವೇದಿಕೆಯ ಚಿತ್ರವಾಗಿಸಿದಾಗ ವಿಮರ್ಶಕರೊಬ್ಬರು ಸಿಡಿದೆದ್ದರು. ನನಗಂತೂ ಆ ಜಗಳವೇ ಹೆಚ್ಚು ಸ್ವಾರಸ್ಯ!

ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ಜೊತೆಗೆ, ಹೊರಗೆ ಕೂತು ಪೆನ್ಸಿಲ್‌ನಲ್ಲಿ ಬರೆದ ನಿಮ್ಮದೊಂದು ಚಿತ್ರದ ಫೋಟೊ ಕಳಿಸಿ. ಫ್ರೀಡ್ರಿಷ್ ಕೂಡ ಬಯಲಲ್ಲಿ ರೇಖೆ ಎಳೆದು, ತೈಲವರ್ಣವನ್ನು ಕೋಣೆಯೊಳಗೆ ಹಚ್ಚುತ್ತಿದ್ದವರು. ಲಿಂಕ್ ಶನಿವಾರ ಹಾಕುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಗುಡ್ ಮಾರ್ನಿಂಗ್ ಚಿತ್ರಗಳು ಬೇಡ, ಸೂಚನೆ ಎಲ್ಲೋ ಮೇಲೆ ಹೋಗಿಬಿಡುತ್ತದೆ.