ಆಗಾಗ ಕಪ್ಪಾಗುವ ಪರದೆ: ಬಿಡಿಭಾಗ ಬದಲಿಸುವ ಮುನ್ನ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಳ್ಳುವುದನ್ನು ಕುರಿತು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಪ್ರಕಟವಾದ ಲೇಖನ ಉಪಯುಕ್ತವಾಗಿತ್ತು. ಯಾವ ಪ್ರೊಸೆಸರ್‌ಗೆ ಯಾವ ಮದರ್‌ಬೋರ್ಡ್, ಎಷ್ಟು ವಾಟ್‌ನ ಪವರ್ ಸಪ್ಲೈ ಎಂಬುದನ್ನೆಲ್ಲ ವಿವರವಾಗಿ ಬರೆದ ಲೇಖಕರು, ತೊಂದರೆ ಬಂದರೆ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸಿ ನೋಡಿ ಎಂದು ಕೊನೆಯ ಒಂದೇ ವಾಕ್ಯದಲ್ಲಿ ವಿಷಯ ಮುಗಿಸಿದ್ದಾರೆ. ಕಂಪ್ಯೂಟರ್ ಚಾಲೂ ಆಗುವುದೇ ಇಲ್ಲವಾದರೆ ಈ ಸಲಹೆ ಸರಿ. ಆದರೆ ಎರಡು ದಿನಕ್ಕೊಮ್ಮೆ ಕಾಣಿಸಿಕೊಂಡು ಮಾಯವಾಗುವ ದೋಷಕ್ಕೆ ಅದು ಸಾಲದು. ಕೆಲವೊಮ್ಮೆ ದಾರಿಯನ್ನೂ ತಪ್ಪಿಸುತ್ತದೆ.

ನಾನು ಜೋಡಿಸಿದ ಕಂಪ್ಯೂಟರ್ ಮೊದಲ ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಪರದೆ ಇದ್ದಕ್ಕಿದ್ದಂತೆ ಎರಡು ಮೂರು ಸೆಕೆಂಡು ಕಪ್ಪಾಗಿ ತಾನಾಗಿಯೇ ಮರಳುವುದು ಶುರುವಾಯಿತು. ಮತ್ತೆ ಕೆಲವು ಸಲ ಚಿತ್ರ ಇದ್ದಲ್ಲೇ ನಿಂತು, ಹಾಡಿನ ಒಂದು ಚೂರು ಗರಗರನೆ ಅದೇ ಜಾಗದಲ್ಲಿ ಸುತ್ತುತ್ತ, ಪವರ್ ಬಟನ್ ಒತ್ತಿ ಹಿಡಿಯದೆ ಬೇರೆ ದಾರಿಯೇ ಇರುತ್ತಿರಲಿಲ್ಲ. ಎಲ್ಲರಂತೆ ನಾನೂ ಮೊದಲು ಗ್ರಾಫಿಕ್ಸ್ ಕಾರ್ಡನ್ನು ಅನುಮಾನಿಸಿದೆ. ಕಾರ್ಡನ್ನು ಮಾರಿದವರ ಬಳಿಗೇ ಒಯ್ದಾಗ ಅವರು ಹತ್ತು ನಿಮಿಷ ಓಡಿಸಿ, ಏನೂ ತೊಂದರೆ ಇಲ್ಲವೆಂದು ಕೈಗಿತ್ತರು. ಸ್ನೇಹಿತರೊಬ್ಬರ ಕಾರ್ಡ್ ತಂದು ಹಾಕಿದೆ. ಎರಡು ದಿನ ಎಲ್ಲವೂ ಸರಿಯಾಗಿತ್ತು, ಮೂರನೆಯ ದಿನ ಪರದೆ ಮತ್ತೆ ಕಪ್ಪಾಯಿತು. ದೋಷ ಎರಡು ದಿನಕ್ಕೊಮ್ಮೆ ಬರುವಂಥದ್ದಾದರೆ, ಯಾವ ಭಾಗವನ್ನು ಬದಲಿಸಿದರೂ ಎರಡು ದಿನ ವಾಸಿಯಾದಂತೆಯೇ ತೋರುತ್ತದೆ ಎಂಬ ಸರಳ ಲೆಕ್ಕ ನನಗೆ ಹೊಳೆದದ್ದು ಆಗಲೇ.

ಅಂದಿನಿಂದ ಕೀಬೋರ್ಡಿನ ಪಕ್ಕದಲ್ಲಿ ಒಂದು ಪುಸ್ತಕ ಇಟ್ಟುಕೊಂಡು, ಪ್ರತಿ ಸಲವೂ ಗಂಟೆ, ನಿಮಿಷ, ಆಗ ಮಾಡುತ್ತಿದ್ದ ಕೆಲಸ, ಸದ್ದು ಮುಂದುವರಿಯುತ್ತಿತ್ತೇ, ನಮ್ ಲಾಕ್ ಕೀಲಿ ಒತ್ತಿದರೆ ಅದರ ದೀಪ ಆರಿ ಹತ್ತುತ್ತಿತ್ತೇ ಎಂಬುದನ್ನು ಬರೆಯತೊಡಗಿದೆ. ಈ ಕೊನೆಯ ಪರೀಕ್ಷೆ ತೀರ ಸಣ್ಣದಾದರೂ ಅದರಷ್ಟು ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ. ದೀಪ ಬದಲಾದರೆ ಯಂತ್ರ ಇನ್ನೂ ಕೆಲಸ ಮಾಡುತ್ತಿದೆ, ಚಿತ್ರ ಮಾತ್ರ ನಮ್ಮನ್ನು ತಲುಪುತ್ತಿಲ್ಲ ಎಂದು ತಿಳಿಯಬಹುದು. ಬದಲಾಗದಿದ್ದರೆ ಬಹುಮಟ್ಟಿಗೆ ಇಡೀ ಯಂತ್ರವೇ ನಿಂತಿದೆ ಎಂದರ್ಥ. ಹತ್ತು ದಿನಗಳ ಟಿಪ್ಪಣಿ ನೋಡಿದಾಗ, ನಾನು ಒಂದೇ ಎಂದುಕೊಂಡಿದ್ದ ರೋಗ ವಾಸ್ತವವಾಗಿ ಎರಡಾಗಿತ್ತು.

ಪರದೆ ಕಪ್ಪಾದಾಗಲೆಲ್ಲ ಹಾಡು ನಿಲ್ಲುತ್ತಿರಲಿಲ್ಲ, ದೀಪವೂ ಬದಲಾಗುತ್ತಿತ್ತು. ವಿಂಡೋಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಸುಮಾರು 2 ಸೆಕೆಂಡು ಉತ್ತರಿಸದಿದ್ದರೆ ವ್ಯವಸ್ಥೆಯೇ ಆ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಮರುಚಾಲನೆಗೊಳಿಸಿ, ಈವೆಂಟ್ ವ್ಯೂವರ್‌ನಲ್ಲಿ (ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ದಾಖಲೆ) 4101 ಎಂಬ ಸಂಖ್ಯೆಯಡಿ ದಾಖಲಿಸುತ್ತದೆ. ನಾನು ಬರೆದಿಟ್ಟ ಸಮಯಗಳಲ್ಲಿ ಅಂಥ ಒಂದು ದಾಖಲೆಯೂ ಇರಲಿಲ್ಲ. ಹಾಗಾದರೆ ತೊಂದರೆ ಇರುವುದು ಕಾರ್ಡಿನಿಂದ ಮಾನಿಟರಿಗೆ ಹೋಗುವ ದಾರಿಯಲ್ಲಿ. ‘ಆಗ ಮಾಡುತ್ತಿದ್ದ ಕೆಲಸ’ ಎಂಬ ಕಲಮಿನಲ್ಲಿಯೂ ಒಂದು ವಿಚಿತ್ರ ಕಂಡಿತು: ನೀರು ತರಲು ಎದ್ದೆ, ಬಾಗಿಲು ತೆಗೆಯಲು ಎದ್ದೆ, ಫೋನ್ ತೆಗೆದುಕೊಳ್ಳಲು ಎದ್ದೆ. ಎತ್ತರ ಹೊಂದಿಸುವ ಗ್ಯಾಸ್ ಸಿಲಿಂಡರ್ ಇರುವ ಕುರ್ಚಿಯಿಂದ ಥಟ್ಟನೆ ಎದ್ದಾಗ ಅದರಲ್ಲಿ ಉಂಟಾಗುವ ಸ್ಥಿರವಿದ್ಯುತ್ತಿನ ಕಿಡಿಯು ವಿದ್ಯುತ್ಕಾಂತೀಯ ಅಡಚಣೆಯಾಗಿ ಹರಡುತ್ತದೆ. ರಕ್ಷಾಕವಚ ಸರಿಯಿಲ್ಲದ ವಿಡಿಯೊ ಕೇಬಲ್ ಅದನ್ನು ಹಿಡಿದುಕೊಂಡರೆ ಮಾನಿಟರ್ ಕ್ಷಣಕಾಲ ಸಿಗ್ನಲ್ ಕಳೆದುಕೊಳ್ಳುತ್ತದೆ. ಇದನ್ನು ಹೇಳಿದಾಗ ಸ್ನೇಹಿತರು ನಕ್ಕರು. ಆದರೆ ಯುಎಸ್‌ಬಿ ಮೂಲಕ ಮಾನಿಟರ್ ಜೋಡಿಸುವ ತಂತ್ರಜ್ಞಾನ ಒದಗಿಸುವ ಡಿಸ್‌ಪ್ಲೇಲಿಂಕ್ ಸಂಸ್ಥೆ ತನ್ನ ಬಳಕೆದಾರರಿಗೆ ನೀಡಿರುವ ಮಾಹಿತಿಯಲ್ಲೇ ಈ ಕುರ್ಚಿಯ ಪ್ರಸ್ತಾಪವಿದೆ. ಮೂರು ಮೀಟರ್‌ನ ಅಗ್ಗದ ಕೇಬಲ್ ತೆಗೆದು ಒಳ್ಳೆಯ ಗುಣಮಟ್ಟದ ಗಿಡ್ಡ ಕೇಬಲ್ ಹಾಕಿದ ಮೇಲೆ, ಬೇಕೆಂದೇ ಇಪ್ಪತ್ತು ಸಲ ಕೂತು ಎದ್ದರೂ ಪರದೆ ಕಪ್ಪಾಗಲಿಲ್ಲ.

ಯಂತ್ರವೇ ನಿಂತುಹೋಗುತ್ತಿದ್ದುದಕ್ಕೆ ಕಾರಣ ಮೆಮೊರಿ. ಡಿಡಿಆರ್4 ಎಂಬ ಬಗೆಯ ಮೆಮೊರಿಯ ಡಬ್ಬಿಯ ಮೇಲೆ 3600 ಎಂದು ಮುದ್ರಿಸಿದ್ದರೂ ಅದು ಬಯಾಸ್‌ನಲ್ಲಿ (ಯಂತ್ರ ಚಾಲೂ ಆಗುವಾಗ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಎಕ್ಸ್‌ಎಂಪಿ ಎಂಬ ಹೆಚ್ಚು ವೇಗದ ಸೆಟ್ಟಿಂಗ್ ಆನ್ ಮಾಡಿದಾಗಷ್ಟೇ ಸಿಗುವ ವೇಗ. ಡಿಡಿಆರ್4ಗೆ ನಿಗದಿಯಾದ ಮಾನದಂಡ 3200ಕ್ಕೆ ಮುಗಿಯುತ್ತದೆ, 1.2 ವೋಲ್ಟ್‌ನ ಬದಲು ಸಾಮಾನ್ಯವಾಗಿ 1.35 ವೋಲ್ಟ್ ಕೊಟ್ಟು ಅದನ್ನು ಮೀರಿ ಓಡಿಸಲಾಗುತ್ತದೆ. ಪೆನ್‌ಡ್ರೈವ್‌ನಿಂದ ಮೆಮೊರಿಯನ್ನು ಸುತ್ತು ಸುತ್ತಾಗಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಚಾಲೂ ಮಾಡಿ ರಾತ್ರಿಯಿಡೀ ಬಿಟ್ಟೆ. ಒಂದೊಂದೇ ಮೆಮೊರಿ ಕಡ್ಡಿ ಹಾಕಿ ಪರೀಕ್ಷಿಸಿದಾಗ ಎರಡೂ ಪಾಸಾದವು. ಎರಡನ್ನೂ ಕೂಡಿ 3600ರಲ್ಲಿ ಓಡಿಸಿದಾಗ ಮೊದಲೆರಡು ಸುತ್ತು ಶುದ್ಧ, ಮೂರನೆಯ ಸುತ್ತಿನಲ್ಲಿ ದೋಷ ತೋರಿಸುವ ಕೆಂಪು ಸಾಲುಗಳು. ಒಂದೇ ಸುತ್ತಿಗೆ ತೃಪ್ತಿಪಟ್ಟು ನಿಲ್ಲಿಸಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಈಗ 3200ರಲ್ಲಿ ಇಟ್ಟಿದ್ದೇನೆ, ತಿಂಗಳುಗಳಿಂದ ಒಮ್ಮೆಯೂ ನಿಂತಿಲ್ಲ, ವೇಗದ ವ್ಯತ್ಯಾಸ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಯಂತ್ರವೇ ನೀಡುವ ಸಂದೇಶಗಳನ್ನೂ ಅಕ್ಷರಶಃ ನಂಬುವಂತಿಲ್ಲ. ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಎಂದು ಕಂಡ ಕೂಡಲೇ ಪವರ್ ಸಪ್ಲೈ ಕೆಟ್ಟಿದೆ ಎಂದು ಹೊಸದನ್ನು ಕೊಂಡವರನ್ನು ಬಲ್ಲೆ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಚಾಲೂ ಆಯಿತು ಎಂಬುದಷ್ಟೇ ಅದರ ಅರ್ಥ. ನಾನು ಪವರ್ ಬಟನ್ ಒತ್ತಿ ಆರಿಸಿದಾಗಲೂ ಅದೇ ದಾಖಲಾಗಿದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಪ್ರಕರಣ ಇದಕ್ಕಿಂತ ದೊಡ್ಡ ಉದಾಹರಣೆ. ಅವುಗಳಲ್ಲಿ ಕೆಲವಕ್ಕೆ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಹೋಗುತ್ತಿದೆಯೆಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ಆಗಸ್ಟ್‌ನಲ್ಲಿ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳು) ತಿದ್ದುಪಡಿ ನೀಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಅದಕ್ಕೂ ಮುನ್ನ ಹಲವು ಆಟಗಾರರ ಪರದೆಯ ಮೇಲೆ ಮೂಡುತ್ತಿದ್ದ ಸಂದೇಶ ‘ವಿಡಿಯೊ ಮೆಮೊರಿ ಸಾಲದು’ ಎಂಬುದು. ಕೆಟ್ಟದ್ದು ಪ್ರೊಸೆಸರ್, ಬೈಗುಳ ಗ್ರಾಫಿಕ್ಸ್ ಕಾರ್ಡಿಗೆ. ಆ ತಿದ್ದುಪಡಿ ಬಯಾಸ್ ಅಪ್‌ಡೇಟ್‌ನ ಮೂಲಕ ಬರುವುದರಿಂದ, ಈ ಪ್ರೊಸೆಸರ್‌ಗಳನ್ನು ಬಳಸುವವರು ತಮ್ಮ ಬೋರ್ಡಿನ ಬಯಾಸ್ ಯಾವ ದಿನಾಂಕದ್ದು ಎಂದು ಈಗಲೇ ನೋಡಿಕೊಳ್ಳಬೇಕು.

ವಾರಂಟಿ ಕೌಂಟರುಗಳ ಹತ್ತು ನಿಮಿಷದ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಮೂರನೆಯ ಸುತ್ತಿನಲ್ಲಿ, ಅಂದರೆ ಗಂಟೆಗಳ ನಂತರ ಸಿಗುವ ದೋಷವನ್ನು ಹತ್ತು ನಿಮಿಷದಲ್ಲಿ ಹುಡುಕಿ ‘ಸರಿಯಾಗಿದೆ’ ಎಂದು ಬರೆದುಕೊಡುವುದು ಪರೀಕ್ಷೆಯೇ ಅಲ್ಲ. ಗ್ರಾಹಕನು ದಿನಾಂಕ, ಸಮಯಗಳ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಹೋದಾಗ ಅದನ್ನು ಓದಿ ನೋಡುವಷ್ಟು ತಾಳ್ಮೆಯಾದರೂ ಅಲ್ಲಿರಬೇಕು.

ನಿಮ್ಮ ಲೇಖಕರು ಮುಂದಿನ ಭಾಗ ಬರೆಯುವುದಿದ್ದರೆ, ಜೋಡಣೆ ಮುಗಿದ ರಾತ್ರಿಯೇ, ವಿಂಡೋಸ್ ಹಾಕುವುದಕ್ಕೂ ಮೊದಲು, ಮೆಮೊರಿ ಪರೀಕ್ಷೆ ನಡೆಸುವಂತೆ ಓದುಗರಿಗೆ ತಿಳಿಸಲೆಂದು ಕೋರುತ್ತೇನೆ. ತಪ್ಪುವ ಮೆಮೊರಿಯ ಮೂಲಕ ಹಾದುಹೋದ ಕಡತಗಳು ಡಿಸ್ಕಿನಲ್ಲೂ ತಪ್ಪಾಗಿಯೇ ಕೂರಬಹುದು. ನಾನು ಆ ದಿನಗಳಲ್ಲಿ ನಕಲು ಮಾಡಿಟ್ಟ ಫೋಟೋಗಳ ಪೈಕಿ ಹನ್ನೊಂದು ಫೋಟೋಗಳು ಅರ್ಧ ಮಾತ್ರ ತೆರೆದುಕೊಳ್ಳುತ್ತವೆ, ಉಳಿದರ್ಧ ಬೂದು ಬಣ್ಣದ ಪಟ್ಟಿ.

ಇತಿ,
ನಿಮ್ಮ ಪತ್ರಿಕೆಯ ಓದುಗ