ಹಾಡು ಬೇರೆ, ಧಾಟಿ ಅದೇ

ಓದುಗ ಬಂಧುಗಳೇ,

ನಮ್ಮ ಭಜನೆಗೆ ಹಿರಿಯರೊಬ್ಬರು ತರುವ ನೋಟ್‌ಬುಕ್ಕಿನಲ್ಲಿ ಪ್ರತಿ ಹಾಡಿನ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ‘ಧಾಟಿ’ ಎಂದು ಬರೆದು, ಮುಂದೆ ಬೇರೊಂದು ಹಾಡಿನ ಮೊದಲ ಸಾಲು ಕೊಟ್ಟಿರುತ್ತದೆ. ಸ್ವರವಿಲ್ಲ, ರಾಗದ ಹೆಸರೂ ಇಲ್ಲ. ಅದು ಬರುತ್ತಿದ್ದರೆ ಇದೂ ಬಂದಂತೆ. ನಾವೀಗ ಬಾಳುತ್ತಿರುವ ಈ ಇಂಗ್ಲೆಂಡಿನ 17ನೇ ಶತಮಾನದ ಬ್ಯಾಲಡ್, ಅಂದರೆ ಲಾವಣಿಯಂಥ ಬೀದಿ ಹಾಡಿನ, ಹಾಳೆಗಳನ್ನು ನೋಡುತ್ತ ಕೂತಾಗ ಅದೇ ರೂಢಿ ಕಣ್ಣಿಗೆ ಬಿತ್ತು. ಶೀರ್ಷಿಕೆಯ ಕೆಳಗೆ ‘ಇಂಥ ಹಾಡಿನ ಧಾಟಿಯಲ್ಲಿ’ ಎಂಬ ಒಂದು ಸಾಲು, ಅಷ್ಟೇ.

ಒಂದೇ ಮಗ್ಗುಲಿಗೆ ಅಚ್ಚಾದ ಹಾಳೆ. ದಪ್ಪ ಕಪ್ಪಕ್ಷರ. ಮೇಲೆ ಮರದಚ್ಚಿನ ಚಿತ್ರ, ಅದೂ ಸವೆದದ್ದು. ಒಂದು ಹಾಡಿನಲ್ಲಿ ಪ್ರೇಮಿಯಾಗಿದ್ದ ಟೋಪಿಯ ಗಂಡಸು ಇನ್ನೊಂದರಲ್ಲಿ ಬೇರೆ ಯಾರೋ ಆಗಿ ನಿಂತಿರುತ್ತಾನೆ. ಬೆಲೆ ಒಂದು ಪೆನ್ನಿ. ಮಾರುವವರು ಸಂತೆಯಲ್ಲಿ ನಿಂತು ಹಾಡಿಯೇ ಮಾರುತ್ತಿದ್ದರು. ಕೊಂಡ ಹಾಳೆ ಹೆಂಡದಂಗಡಿಯ ಗೋಡೆಗೆ ಅಂಟುತ್ತಿತ್ತು. ಓದು ಬಾರದವರಿಗೂ ಹಾಡು ಹೀಗೆ ಬಾಯಿಗೆ ಬರುತ್ತಿತ್ತು.

1642ರಲ್ಲಿ ದೊರೆ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ ಹೊತ್ತಿಕೊಂಡಿತು. ಆ ಸೆಪ್ಟೆಂಬರಿನಲ್ಲೇ ಲಂಡನ್ನಿನ ನಾಟಕಶಾಲೆಗಳನ್ನು ಪಾರ್ಲಿಮೆಂಟ್ ಮುಚ್ಚಿಸಿತು. ಬೀದಿ ಹಾಡನ್ನು ಮುಚ್ಚಿಸುವುದು ಅಷ್ಟು ಸುಲಭವಿರಲಿಲ್ಲ. ಮಾರ್ಟಿನ್ ಪಾರ್ಕರ್ ಆಗಲೇ ಹೆಸರಾದ ಬ್ಯಾಲಡ್ ಕವಿ, ದೊರೆಯ ಕಡೆಯವನು. ‘ದೊರೆ ಮತ್ತೆ ತನ್ನದನ್ನು ಪಡೆಯುವ ತನಕ ಏನೂ ಸರಿಹೋಗದು’ ಎಂಬ ಅರ್ಥದ ಪಲ್ಲವಿಯಿರುವ ಹಾಡನ್ನು ಅವನು ಯುದ್ಧದ ನಡುವೆಯೇ ಕಟ್ಟಿದ. ಅದರ ಧಾಟಿ ಊರೂರಿಗೆ ಹಬ್ಬಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು 1646ರ ಇನ್ನೊಂದು ಹಾಳೆ. ಪಾರ್ಲಿಮೆಂಟ್ ಕ್ರಿಸ್ಮಸ್ ಹಬ್ಬವನ್ನು ಅಡಗಿಸಲು ಹೊರಟ ಸಿಟ್ಟು ಅದರ ತುಂಬ ಇದೆ. ‘ಲೋಕ ತಲೆಕೆಳಗಾಯಿತು’ ಎಂದು ಹಲುಬುವ ಆ ಹಾಡು, ನೇಸ್‌ಬಿ ಕದನದಲ್ಲಿ ಕ್ರಿಸ್ಮಸ್ಸೇ ಹತವಾಯಿತು ಎನ್ನುತ್ತದೆ. 1645ರ ಜೂನ್ 14ರಂದು ದೊರೆಯ ಸೈನ್ಯ ನುಚ್ಚುನೂರಾದದ್ದು ಆ ನೇಸ್‌ಬಿಯಲ್ಲೇ. ಹಾಳೆಯಲ್ಲಿ ಸೂಚಿಸಿದ ಧಾಟಿ ಪಾರ್ಕರನದು. ಹಬ್ಬದ ಅಳಲನ್ನು ಆ ಧಾಟಿಯಲ್ಲಿ ಎತ್ತಿಕೊಂಡವನ ಮನಸ್ಸು ಯಾರ ಕಡೆಗಿದೆ ಎಂಬುದು ಕೇಳಿದವರಿಗೆ ಮೊದಲ ಸಾಲಿಗೇ ತಿಳಿಯುತ್ತಿತ್ತು. ಹಾಳೆಯನ್ನು ಕಿತ್ತುಕೊಳ್ಳಬಹುದು, ಗುನುಗುವುದನ್ನು ಹೇಗೆ ಕಿತ್ತುಕೊಳ್ಳುವುದು?

ಪ್ರಯತ್ನವಂತೂ ನಡೆಯಿತು. 1647ರ ಸೆಪ್ಟೆಂಬರಿನ ಕಟ್ಟಳೆಯ ಪ್ರಕಾರ ಪರವಾನಗಿಯಿಲ್ಲದ ಹಾಳೆ ಮಾರುವ ಹಾಡುಗಾರರ ಸರಕು ಜಪ್ತಿ, ಮೇಲೆ ಪೋಕರಿಗೆ ಹೊಡೆದಂತೆ ಚಾಟಿಯೇಟು. ಪೆನ್ನಿಗೊಂದು ಹಾಡು ಮಾರಿ ಹೊಟ್ಟೆ ಹೊರೆಯುವವರ ಬೆನ್ನಿಗೆ ಆ ಏಟು ಬೀಳುತ್ತಿತ್ತು ಎನ್ನುವುದನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ.

ಪಾರ್ಲಿಮೆಂಟಿನ ಕಡೆಯವರೆಲ್ಲ ಸಂಗೀತದ ವೈರಿಗಳು ಎಂಬ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಚರ್ಚುಗಳ ಆರ್ಗನ್‌ಗಳನ್ನು ಕಿತ್ತುಹಾಕಿಸಿದ್ದು ನಿಜ. ಆದರೆ ಪಾರ್ಲಿಮೆಂಟಿನ ಸೇನಾನಿಯಾಗಿದ್ದು ಮುಂದೆ ದೇಶವನ್ನೇ ಆಳಿದ ಕ್ರಾಮ್ವೆಲ್‌ನ ಕಾಲದಲ್ಲಿ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನ ಆರ್ಗನ್ ಹ್ಯಾಂಪ್ಟನ್ ಕೋರ್ಟ್ ಅರಮನೆ ಸೇರಿ ಅವನಿಗಾಗಿ ನುಡಿಯಿತು. ಜಾನ್ ಪ್ಲೇಫರ್ಡ್ 105 ಕುಣಿತದ ಮಟ್ಟುಗಳನ್ನು ಸ್ವರಸಮೇತ ಅಚ್ಚು ಹಾಕಿದ್ದು ಯುದ್ಧ ಮುಗಿದ 1651ರಲ್ಲೇ. ನಷ್ಟ ಎರಡೂ ಕಡೆಗಿತ್ತು. ದೊರೆಯ ಆಸ್ಥಾನದ ಸಂಗೀತಗಾರ ವಿಲಿಯಂ ಲಾಸ್ 1645ರಲ್ಲಿ ಚೆಸ್ಟರ್ ಬಳಿ ಗುಂಡಿಗೆ ಬಲಿಯಾದ.

ಇಷ್ಟೆಲ್ಲ ನಮಗೆ ತಿಳಿದಿರುವುದಕ್ಕೆ ಒಬ್ಬ ಪುಸ್ತಕ ವ್ಯಾಪಾರಿಯ ಋಣ ದೊಡ್ಡದು. ಲಂಡನ್ನಿನ ಜಾರ್ಜ್ ಥಾಮಸನ್ 1640ರಿಂದ 1661ರವರೆಗೆ ಬೀದಿಯಲ್ಲಿ ಸಿಕ್ಕ ಹಾಳೆ, ಕಿರುಹೊತ್ತಿಗೆಗಳನ್ನು ಕೂಡಿಟ್ಟ, ಸುಮಾರು 22,000. ಕೈಗೆ ಬಂದ ದಿನವನ್ನು ಅನೇಕವುಗಳ ಮೇಲೆ ತನ್ನ ಕೈಯಾರೆ ಬರೆದ. ಅವೆಲ್ಲ ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಶಾಲೆಯಲ್ಲಿ ಹಲಗಲಿ ಬೇಡರ ಲಾವಣಿ ಓದಿದವರಿಗೆ ಇದರ ಬೆಲೆ ಬೇಗ ತಿಳಿದೀತು. 1857ರ ಆ ದಂಗೆಯನ್ನು ಹಾಡಿದ ಕೊರಳುಗಳು ಉಳಿದಿಲ್ಲ, ಯಾರೋ ಬರೆದಿಟ್ಟುಕೊಂಡದ್ದರಿಂದ ಪದ ಉಳಿದಿದೆ.

ನಿಮ್ಮ ಮನೆಯಲ್ಲಿ ಅಜ್ಜಿಯದೋ ಅಮ್ಮನದೋ ಹಾಡಿನ ನೋಟ್‌ಬುಕ್ ಇದ್ದರೆ ಒಂದು ಪುಟದ ಚಿತ್ರ ತೆಗೆದು ಸಂಪಾದಕ ಬಳಗಕ್ಕೆ ಕಳಿಸಿ. ಜೊತೆಗೆ ಧಾಟಿಯನ್ನು ಫೋನಿನಲ್ಲಿ ಹಾಡಿ ಕಳಿಸಿ. ಯಾವ ಊರಿನದು, ಯಾವ ವರ್ಷದ್ದು ಎಂಬುದನ್ನು ಮೇಲೆ ಬರೆಯಲು ಮರೆಯಬೇಡಿ.